ಮುಖವಾಚಕ ಪದಗಳು ಮತ್ತು ಗುಣನಿರ್ಣಯ: ಬೇಲೂರಿನ ಶಿಲ್ಪಗಳ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಹೊಯ್ಸಳ ಶಿಲ್ಪವನ್ನು ಕುರಿತು ಪದವಿ ತರಗತಿಗಳಲ್ಲಿ ಪಾಠ ಹೇಳುವವರಿಗೆ ಆಂಗ್ಲ ಗ್ರಂಥಗಳನ್ನು ಮುಂದಿಟ್ಟುಕೊಂಡು ಕನ್ನಡದಲ್ಲಿ ವಿವರಿಸಬೇಕಾದ ಪ್ರಸಂಗ ಮೇಲಿಂದ ಮೇಲೆ ಒದಗುತ್ತದೆ. ಜಗತಿ, ಭಿತ್ತಿ, ಕಂಬ, ವಿಮಾನ ಇವುಗಳ ವಿಷಯದಲ್ಲಿ ಈ ಕಾರ್ಯ ಅಷ್ಟೇನೂ ಕಷ್ಟವಲ್ಲ. ನಮ್ಮ ಶಿಲ್ಪಿಗಳ ಪರಿಭಾಷೆಯೇ ಅಲ್ಲಿ ನೆರವಿಗೆ ಬರುತ್ತದೆ. ತೊಡಕು ತಲೆದೋರುವುದು ವಿಗ್ರಹಗಳ ಮುಖದ ಮಾತು ಬಂದಾಗ. ಆಂಗ್ಲ ಲೇಖಕನು 'ಕೌಂಟೆನೆನ್ಸ್' ಎಂದು ಬರೆದುದನ್ನು ಒಬ್ಬರು 'ಮುಖ' ಎನ್ನುತ್ತಾರೆ, ಇನ್ನೊಬ್ಬರು 'ಮುಖಭಾವ' ಎನ್ನುತ್ತಾರೆ, ಮತ್ತೊಬ್ಬರು 'ಮುಖಮುದ್ರೆ' ಎನ್ನುತ್ತಾರೆ. ಮೂರೂ ತಪ್ಪಲ್ಲ, ಆದರೆ ಮೂರೂ ಒಂದೇ ಅಲ್ಲ. ಮುಖವು ಅಂಗ, ಮುಖಭಾವವು ಆ ಗಳಿಗೆಯದು, ಮುಖಮುದ್ರೆಯಾದರೋ ಆ ವ್ಯಕ್ತಿಯ ಮೇಲೆ ಒತ್ತಿದ ಅಚ್ಚು. ಮೂರನೆಯ ಮಾತನ್ನು ಆರಿಸಿದ ಕೂಡಲೇ ಆ ಮನುಷ್ಯನ ಸ್ವಭಾವವನ್ನು ಕುರಿತು ನಾವು ಒಂದು ತೀರ್ಪನ್ನು ಕೊಟ್ಟಂತಾಗುತ್ತದೆ. ಚರಿತ್ರೆಯ ವಿದ್ಯಾರ್ಥಿಗೆ ಇದು ಬರಿಯ ಭಾಷಾಂತರದ ಪ್ರಶ್ನೆಯಲ್ಲ, ಪ್ರಮಾಣದ ಪ್ರಶ್ನೆ. ಮುಖವನ್ನು ಗುಣಕ್ಕೆ ಸಾಕ್ಷಿಯಾಗಿ ಅಂಗೀಕರಿಸಬಹುದೇ, ಅಂಗೀಕರಿಸಿದವರು ಯಾವ ಭಾಷೆಯ ಯಾವ ಪದದ ಬಲದಿಂದ ಅಂಗೀಕರಿಸಿದರು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಲು ಯತ್ನಿಸಲಾಗಿದೆ.

ಮೊದಲು ಆಂಗ್ಲ ಪದಗಳ ಪೂರ್ವೋತ್ತರವನ್ನು ನೋಡಬಹುದು. ದಿನಬಳಕೆಯ 'ಫೇಸ್' ಎಂಬುದು ಲ್ಯಾಟಿನ್ ಭಾಷೆಯಲ್ಲಿ ಆಕಾರ, ತೋರಿಕೆ ಎಂಬ ಅರ್ಥವಿದ್ದ ಪದದಿಂದ ಫ್ರೆಂಚಿನ ಮೂಲಕ ಬಂದಿತು. 'ವಿಸೇಜ್' ಎಂಬುದು ನೋಟ ಎಂಬರ್ಥದ ಲ್ಯಾಟಿನ್ ಮಾತಿನಿಂದ ಹುಟ್ಟಿದ್ದು. ಕಣ್ಣಿಗೆ ಕಾಣುವುದು ಎಂದಿಷ್ಟೇ ಅದರ ಮೂಲಾರ್ಥ. ಇವೆರಡೂ ಸೌಮ್ಯ ಪದಗಳು. 'ಕೌಂಟೆನೆನ್ಸ್' ಹಾಗಲ್ಲ. ಅದು 'ಒಟ್ಟಾಗಿ ಹಿಡಿ, ತಡೆದಿಡು' ಎಂಬರ್ಥದ ಧಾತುವಿನಿಂದ ಬಂದು, ಮೊದಲು ಮನುಷ್ಯನ ನಡತೆ, ನಿಲುವು, ಸಂಯಮ ಎಂಬ ಅರ್ಥಗಳಲ್ಲಿ ಬಳಕೆಯಾಗಿ, ಬಳಿಕ ಆ ಸಂಯಮವು ಕಾಣಿಸಿಕೊಳ್ಳುವ ಜಾಗಕ್ಕೆ, ಎಂದರೆ ಮುಖಕ್ಕೆ, ಹೆಸರಾಯಿತು. ಇಲ್ಲಿ ನಡತೆ ಮೊದಲು, ಮುಖ ಅನಂತರ. ಆದುದರಿಂದಲೇ ಆಂಗ್ಲ ಲೇಖಕರು ರಾಜರ, ಸೇನಾಪತಿಗಳ, ಸಂತರ ಮುಖವನ್ನು ವರ್ಣಿಸುವಾಗ ಈ ಪದವನ್ನು ಹುಡುಕಿಕೊಂಡು ಹೋಗುತ್ತಾರೆ.

ಇನ್ನೂ ಕುತೂಹಲಕರವಾದುದು 'ಕಾಂಪ್ಲೆಕ್ಷನ್' ಎಂಬ ಪದ. ಇಂದು ಅದಕ್ಕೆ ಮೈಬಣ್ಣವೆಂದು ಅರ್ಥ. ಮಧ್ಯಯುಗದ ವೈದ್ಯರಲ್ಲಿ ಅದರ ಅರ್ಥ 'ಹೆಣಿಗೆ, ಮಿಶ್ರಣ' ಎಂದಿದ್ದಿತು. ಗ್ರೀಕರಿಂದ ಬಂದ ವೈದ್ಯದ ಪ್ರಕಾರ ದೇಹದಲ್ಲಿ ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳುಂಟು. ಅವುಗಳ ಮಿಶ್ರಣವೇ ಮನುಷ್ಯನ ಸ್ವಭಾವ. ಆ ಮಿಶ್ರಣ ಹೊರಗೆ ಕಾಣುವುದು ಮುಖದ ಬಣ್ಣದಲ್ಲಿ. ರಕ್ತಪ್ರಧಾನನ ಕೆನ್ನೆ ಕೆಂಪು, ಅವನು ಉತ್ಸಾಹಿ. ಆದುದರಿಂದ 'ಸ್ಯಾಂಗ್ವಿನ್' ಎಂದರೆ ಕೆಂಪು ಎಂದೂ ಆಯಿತು, ಆಶಾವಾದಿ ಎಂದೂ ಆಯಿತು. ವೈದ್ಯಸಿದ್ಧಾಂತವು ಸತ್ತು ಎರಡು ಶತಮಾನಗಳಾದರೂ ಪದಗಳು ಸಾಯಲಿಲ್ಲ. ನಮ್ಮಲ್ಲಿಯೂ ಸಿಟ್ಟು ಬಂದವನಿಗೆ ಪಿತ್ತ ನೆತ್ತಿಗೇರಿತೆಂದು ಆಯುರ್ವೇದವನ್ನು ಓದದವರೂ ಹೇಳುತ್ತಾರಷ್ಟೆ. ಹುಬ್ಬು ಎಂಬರ್ಥದ ಲ್ಯಾಟಿನ್ ಪದದಿಂದ ಸೊಕ್ಕಿನವನನ್ನು ಸೂಚಿಸುವ 'ಸೂಪರ್‌ಸಿಲಿಯಸ್' ಬಂದಿತು. ಹಣೆ ಎಂಬರ್ಥದ ಪದದಿಂದ ನಾಚಿಕೆಗೇಡಿತನವನ್ನು ಸೂಚಿಸುವ 'ಎಫ್ರಂಟರಿ' ಬಂದಿತು. ಕೆನ್ನೆಯ ಹೆಸರಾದ 'ಚೀಕ್' ಎಂಬುದೇ ಆಡುಮಾತಿನಲ್ಲಿ ಉದ್ಧಟತನವಾಯಿತು. ಹೀಗೆ ಆಂಗ್ಲ ನಿಘಂಟಿನಲ್ಲಿ ಮುಖದ ಒಂದೊಂದು ಭಾಗಕ್ಕೂ ಒಂದೊಂದು ಗುಣ ಅಂಟಿಕೊಂಡಿದೆ.

'ಕ್ಯಾರೆಕ್ಟರ್' ಎಂಬ ಪದವನ್ನೇ ತೆಗೆದುಕೊಳ್ಳಿರಿ. ಗ್ರೀಕ್ ಭಾಷೆಯಲ್ಲಿ ಅದು ಕೊರೆಯುವ ಉಪಕರಣ, ಕೊರೆದ ಗುರುತು, ನಾಣ್ಯದ ಮೇಲಿನ ಒತ್ತು. ಉಳಿಯ ಗುರುತೇ ಗುಣದ ಹೆಸರಾಗಿ ಪರಿಣಮಿಸಿತು. ಉಳಿಯಿಂದಲೇ ಬದುಕಿದ ಬೇಲೂರಿನ ರೂವಾರಿಗಳಿಗೆ ಈ ವಿಷಯ ತಿಳಿದಿದ್ದರೆ ಅವರು ಏನೆನ್ನುತ್ತಿದ್ದರೋ!

ಮುಖವನ್ನು ನೋಡಿ ಗುಣವನ್ನು ಹೇಳುವ ವಿದ್ಯೆಗೆ ಯೂರೋಪಿನಲ್ಲಿ 'ಫಿಸಿಯಾಗ್ನಮಿ' ಎಂದು ಹೆಸರು. ಅರಿಸ್ಟಾಟಲನ ಹೆಸರಿನಲ್ಲಿ ಇದರ ಮೇಲೆ ಒಂದು ಗ್ರಂಥವೇ ಪ್ರಚಾರದಲ್ಲಿದ್ದಿತು. ಆದರೆ ಈ ವಿದ್ಯೆಯ ಗೌರವ ಏರಿ ಇಳಿದುದು ವಿಚಿತ್ರವಾಗಿದೆ. 1597ರಲ್ಲಿ ಎಲಿಜಬೆತ್ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಅಲೆಮಾರಿಗಳನ್ನು ದಂಡಿಸಲು ಮಾಡಿದ ಶಾಸನವು ಮುಖ ನೋಡಿ, ಕೈ ನೋಡಿ ಭವಿಷ್ಯ ಹೇಳುವುದಾಗಿ ನಟಿಸುವವರನ್ನು ಪೋಕರಿಗಳ ಪಟ್ಟಿಯಲ್ಲಿ ಸೇರಿಸಿತು. ಅದೇ ವಿದ್ಯೆಯನ್ನು ಜ್ಯೂರಿಕ್ ನಗರದ ಪಾದ್ರಿ ಲಾವಾಟರನು 1775ರಿಂದ 1778ರ ವರೆಗೆ ನಾಲ್ಕು ದೊಡ್ಡ ಸಂಪುಟಗಳಲ್ಲಿ ಚಿತ್ರಸಹಿತವಾಗಿ ಪ್ರಕಟಿಸಿದಾಗ ಯೂರೋಪಿನ ಸಭ್ಯಸಮಾಜ ಅದನ್ನು ತಲೆಯ ಮೇಲೆ ಹೊತ್ತಿತು. ಆಂಗ್ಲ ಭಾಷೆಗೆ ಅದು ಹಲವು ಬಾರಿ ಅನುವಾದವಾಯಿತು. 1831ರಲ್ಲಿ 'ಬೀಗಲ್' ನೌಕೆಯ ಕಪ್ತಾನ ಫಿಟ್ಸ್‌ರಾಯ್ ಲಾವಾಟರನ ಭಕ್ತನಾಗಿದ್ದು, ತರುಣ ಡಾರ್ವಿನ್ನನ ಮೂಗಿನ ಆಕಾರವನ್ನು ನೋಡಿ, ಇಂಥ ಮೂಗಿನವನಿಗೆ ದೀರ್ಘಯಾನಕ್ಕೆ ಬೇಕಾದ ಛಲವಿರಲಾರದೆಂದು ಅವನನ್ನು ನಿರಾಕರಿಸುವುದರಲ್ಲಿದ್ದನು. ಈ ಸಂಗತಿಯನ್ನು ಡಾರ್ವಿನ್ನನೇ ತನ್ನ ಆತ್ಮಚರಿತ್ರೆಯಲ್ಲಿ ದಾಖಲಿಸಿದ್ದಾನೆ. ಒಂದು ಮೂಗಿನ ಮೇಲೆ ಜೀವಶಾಸ್ತ್ರದ ಚರಿತ್ರೆ ನಿಂತಿದ್ದ ಕ್ಷಣವದು.

ನಮ್ಮಲ್ಲಿ ಇಂಥ ವಿದ್ಯೆ ಇರಲಿಲ್ಲವೆಂದು ಹೇಳುವುದು ಸ್ವದೇಶಾಭಿಮಾನವಾದೀತೇ ಹೊರತು ಸತ್ಯವಾಗದು. ಸಾಮುದ್ರಿಕ ಲಕ್ಷಣಗಳ ಪರಂಪರೆ ಬಹು ಹಳೆಯದು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ಪುರುಷಲಕ್ಷಣ ಪ್ರಕರಣದಲ್ಲಿ ಮುಖಗಳನ್ನು ವಿಂಗಡಿಸುತ್ತಾನೆ. ಸೌಮ್ಯವೂ ಸಮವೂ ನಿರ್ಮಲವೂ ಆದ ಮುಖ ಅರಸರದು, ಉದ್ದ ಮುಖ ಹಣವಿಲ್ಲದವರದು, ಚೌಕ ಮುಖ ಧೂರ್ತರದು, ಅತಿ ಗಿಡ್ಡ ಮುಖ ಜಿಪುಣರದು ಎಂಬುದು ಅವನ ಅಭಿಪ್ರಾಯ. ಲಾವಾಟರನಿಗೂ ಇವನಿಗೂ ಹನ್ನೆರಡು ಶತಮಾನಗಳ ಅಂತರವಿದ್ದರೂ ಇಬ್ಬರ ಮನೋಧರ್ಮವೂ ಒಂದೇ.

ಆದರೆ ಅದೇ ಬೃಹತ್ಸಂಹಿತೆಯಲ್ಲಿ ಪ್ರತಿಮಾಲಕ್ಷಣವನ್ನು ಹೇಳುವ ಬೇರೊಂದು ಪ್ರಕರಣವಿದೆ. ಅಲ್ಲಿ ಮುಖವು ಗುಣಸೂಚಕವಲ್ಲ, ಅಳತೆಗೋಲು. ಪ್ರತಿಮೆಯ ಮುಖವು ಅದರದೇ ಅಂಗುಲದಿಂದ ಹನ್ನೆರಡು ಅಂಗುಲ ಉದ್ದ, ಹನ್ನೆರಡು ಅಂಗುಲ ಅಗಲ ಇರಬೇಕೆಂದು ವರಾಹಮಿಹಿರನು ಹೇಳಿ, ನಗ್ನಜಿತ್ ಎಂಬ ಆಚಾರ್ಯನ ಮತದಲ್ಲಿ ಉದ್ದವು ಹದಿನಾಲ್ಕು ಅಂಗುಲವೆಂದೂ ಅದು ದ್ರಾವಿಡ ಪ್ರಮಾಣವೆಂದೂ ಸೂಚಿಸುತ್ತಾನೆ. ಶಿಲ್ಪಶಾಸ್ತ್ರಗಳ ತಾಲಮಾನದಲ್ಲಿ ಮುಖದ ಉದ್ದವೇ ಒಂದು ತಾಲ; ನವತಾಲದ ಪ್ರತಿಮೆಯೆಂದರೆ ಒಂಬತ್ತು ಮುಖಗಳಷ್ಟು ಎತ್ತರದ ಪ್ರತಿಮೆ. ಆ ಮುಖವನ್ನು ಮತ್ತೆ ಹಣೆ, ಮೂಗು, ಮೂಗಿನಿಂದ ಗಲ್ಲದವರೆಗಿನ ಭಾಗ ಎಂದು ಮೂರು ಸಮಪಾಲು ಮಾಡುವರು. ಎಂದ ಮೇಲೆ ಶಿಲ್ಪಿಯ ಕೈಯಲ್ಲಿ ಮುಖವು ಉಳಿದೆಲ್ಲ ಅಂಗಗಳನ್ನೂ ಅಳೆಯುವ ಮಾನವಾಯಿತು. ಅಳೆಯುವ ಕೋಲು ಒಬ್ಬೊಬ್ಬರಿಗೆ ಒಂದೊಂದು ತೆರನಾಗಿದ್ದರೆ ಅಳತೆಯೇ ನಡೆಯದು. ನಮ್ಮ ದೇವಾಲಯಗಳ ವಿಗ್ರಹಗಳಲ್ಲಿ ಮುಖಗಳು ಒಂದನ್ನೊಂದು ಹೋಲುವುದಕ್ಕೆ ಶಿಲ್ಪಿಯ ಕಲ್ಪನಾದಾರಿದ್ರ್ಯವು ಕಾರಣವೆಂದು ಹೇಳುವವರು ಈ ಅಂಶವನ್ನು ಗಮನಿಸುವುದು ಒಳ್ಳೆಯದು.

ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಇದನ್ನು ಪ್ರತ್ಯಕ್ಷವಾಗಿ ಕಾಣಬಹುದು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಈ ದೇವಾಲಯದ ಹೊರಗೋಡೆಯ ಮೇಲ್ಭಾಗದಲ್ಲಿ 38, ನವರಂಗದೊಳಗೆ 4 ಮದನಿಕೆಯರ ವಿಗ್ರಹಗಳಿವೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು ಕ್ರಮೇಣ ಗಟ್ಟಿಯಾಗುವುದರಿಂದ ಕೂದಲೆಳೆಯಷ್ಟು ಸೂಕ್ಷ್ಮವಾದ ಕೆಲಸಕ್ಕೂ ಅದು ಒಗ್ಗುತ್ತದೆ. ಬಳೆ ಬಳೆಯನ್ನೂ, ಹಾರದ ಒಂದೊಂದು ಮಣಿಯನ್ನೂ ಬಿಡಿಬಿಡಿಯಾಗಿ ಕೊರೆದ ಶಿಲ್ಪಿಗಳಿಗೆ ಒಬ್ಬೊಬ್ಬಳಿಗೆ ಒಂದೊಂದು ಮುಖವನ್ನು ಕೊರೆಯುವುದು ಅಸಾಧ್ಯವಾಗಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಕನ್ನಡಿ ಹಿಡಿದವಳು, ಗಿಳಿಯೊಡನೆ ಮಾತನಾಡುವವಳು, ಬಿಲ್ಲು ಹಿಡಿದ ಬೇಟೆಗಾರ್ತಿ, ಕೋತಿಯು ಸೀರೆಯನ್ನೆಳೆಯುತ್ತಿರಲು ಅದನ್ನು ಗದರಿಸುವವಳು, ಇವರೆಲ್ಲರ ಮುಖವೂ ಹೆಚ್ಚುಕಡಿಮೆ ಒಂದೇ ಬಗೆ: ದುಂಡಗೆ, ತುಂಬಿಕೊಂಡು, ತುಟಿಯಂಚಿನಲ್ಲಿ ಅಷ್ಟಿಷ್ಟು ನಗೆಯನ್ನಿಟ್ಟುಕೊಂಡು. ಅವರ ಮನಸ್ಸು ತಿಳಿಯುವುದು ಕತ್ತಿನ ಬಾಗಿನಿಂದ, ಸೊಂಟದ ತಿರುವಿನಿಂದ, ಕೈಯಲ್ಲಿ ಹಿಡಿದ ವಸ್ತುವಿನಿಂದ.

ಭರತನ ನಾಟ್ಯಶಾಸ್ತ್ರದ ಎಂಟನೆಯ ಅಧ್ಯಾಯ ಇಲ್ಲಿ ಸಹಾಯಕ್ಕೆ ಬರುತ್ತದೆ. ಮುಖದ ಬಣ್ಣವನ್ನು, ಎಂದರೆ ಮುಖರಾಗವನ್ನು, ಭರತನು ಸ್ವಾಭಾವಿಕ, ಪ್ರಸನ್ನ, ರಕ್ತ, ಶ್ಯಾಮ ಎಂದು ನಾಲ್ಕಾಗಿ ವಿಂಗಡಿಸುತ್ತಾನೆ. ಮೇಲುನೋಟಕ್ಕೆ ಇದು ಗ್ರೀಕ್ ವೈದ್ಯರ ನಾಲ್ಕು ಬಣ್ಣಗಳಂತೆಯೇ ತೋರುತ್ತದೆ. ಆದರೆ ಭರತನ ನಾಲ್ಕು ಬಣ್ಣಗಳೂ ಒಂದೇ ಮುಖದಲ್ಲಿ ಒಂದೇ ಇರುಳು ಬಂದು ಹೋಗತಕ್ಕವು. ಸಿಟ್ಟು ಬಂದಾಗ ಕೆಂಪು, ಭಯ ಬಂದಾಗ ಕಪ್ಪು. ಭಾವ ಇಳಿದ ಮೇಲೆ ಮತ್ತೆ ಸ್ವಾಭಾವಿಕ. ಅಲ್ಲಿ ಕೆಂಪು ಮುಖದವನೆಂಬ ಒಂದು ಮನುಷ್ಯಜಾತಿಯಿಲ್ಲ. ವೈದ್ಯನ ಕಣ್ಣಿಗೂ ನಟನ ಕಣ್ಣಿಗೂ ಇರುವ ಈ ವ್ಯತ್ಯಾಸವನ್ನು ಪೂರ್ವ, ಪಶ್ಚಿಮಗಳ ವ್ಯತ್ಯಾಸವೆಂದು ಭ್ರಮಿಸಬಾರದು. ಸಂಗೀತ ನೃತ್ಯಗಳಲ್ಲಿ ನಿಪುಣೆಯೆಂದು ಶಾಸನಗಳಲ್ಲಿ ಹೊಗಳಿಸಿಕೊಂಡ ಶಾಂತಲಾದೇವಿಯ ಪತಿಯು ಕಟ್ಟಿಸಿದ ಗುಡಿಯಲ್ಲಿ ನಟನ ಕಣ್ಣು ಮೇಲುಗೈ ಪಡೆದುದು ಆಶ್ಚರ್ಯವಲ್ಲ ಎಂದಷ್ಟೇ ಹೇಳಬಹುದು.

ಗುಡಿಯ ಮುಖಗಳಲ್ಲಿ ಕೀರ್ತಿಮುಖವನ್ನು ಬಿಡುವಂತಿಲ್ಲ. ಬಾಗಿಲುವಾಡದ ಮೇಲೆ, ಪ್ರಭಾವಳಿಯ ತುದಿಯಲ್ಲಿ, ಗೂಡುಗಳ ನೆತ್ತಿಯಲ್ಲಿ ಕಣ್ಣು ಪಿಳಿಬಿಟ್ಟುಕೊಂಡು ಬಾಯ್ತೆರೆದಿರುವ ಈ ಮುಖವನ್ನು ಸಿಂಹಲಲಾಟವೆಂದೂ ಕರೆಯುವರು. ಹಸಿವಿನಿಂದ ಹುಟ್ಟಿದ ಒಂದು ಭೂತವು ಶಿವನ ಅಪ್ಪಣೆಯಂತೆ ತನ್ನ ಮೈಯನ್ನೇ ತಿಂದು ಮುಖ ಮಾತ್ರ ಉಳಿದಾಗ, ಶಿವನು ಮೆಚ್ಚಿ ಅದಕ್ಕೆ ಆ ಹೆಸರಿಟ್ಟು ಬಾಗಿಲಲ್ಲಿ ನಿಲ್ಲಿಸಿದನೆಂದು ಪುರಾಣ. ವಿಕಾರವಾದ ಮುಖ, ಕೀರ್ತಿಯ ಹೆಸರು! ಆಂಗ್ಲ ವರ್ಣನೆಗಳಲ್ಲಿ ಇದನ್ನು ರಾಕ್ಷಸಮುಖವೆಂದು ಕರೆದು ಮುಂದೆ ಸಾಗುವುದೇ ಹೆಚ್ಚು. ಲಾವಾಟರನ ಕೋಷ್ಟಕದಲ್ಲಾಗಲಿ ವರಾಹಮಿಹಿರನ ಕೋಷ್ಟಕದಲ್ಲಾಗಲಿ ಇದಕ್ಕೆ ಜಾಗವಿಲ್ಲ.

ಇನ್ನು ಕನ್ನಡದ ಮಾತುಗಳು. ಸಂಸ್ಕೃತದಲ್ಲಿ 'ಮುಖ' ಎಂದರೆ ಬಾಯಿಯೂ ಹೌದು, ಮುಖವೂ ಹೌದು. ಕನ್ನಡವು ಬಾಯಿಯನ್ನು ಬೇರೆ ಮಾಡಿಕೊಂಡಿದೆ. 'ಮೊಗ' ಎಂಬುದನ್ನು ವೈಯಾಕರಣರು 'ಮುಖ'ದ ತದ್ಭವವೆಂದರೆ, ಸಂಸ್ಕೃತದ 'ಮುಖ'ವೇ ದ್ರಾವಿಡಮೂಲದ್ದಿರಬಹುದೆಂದು ಶಂಕಿಸಿದ ಭಾಷಾಶಾಸ್ತ್ರಜ್ಞರೂ ಉಂಟು. ಈ ಚರ್ಚೆ ನಮಗೆ ಇಲ್ಲಿ ಬೇಡ. ಗಮನಿಸಬೇಕಾದುದು ಪದಗಳ ಮೆಟ್ಟಿಲು. ಮೇಲೆ ವದನ, ಆನನ. ಅವು ದೇವರಿಗೆ, ಕಾವ್ಯದ ನಾಯಿಕೆಗೆ. ನಡುವೆ ಮುಖ, ಮೊಗ. ಕೆಳಗೆ ಮೋರೆ, ಕರಾವಳಿ, ಮಲೆನಾಡುಗಳ ಮನೆಮಾತಿನಲ್ಲಿ ಮೋರೆ ತೊಳೆಯುವುದು ಸಹಜವಾದರೂ ಬಯಲುಸೀಮೆಯಲ್ಲಿ ಅದು ತುಸು ತಾತ್ಸಾರದ ಮಾತು. ಅದಕ್ಕೂ ಕೆಳಗೆ ಮೂತಿ, ಮುಸುಡಿ. ಪ್ರಾಣಿಗಳಿಗೆ ಸಲ್ಲತಕ್ಕ ಈ ಮಾತುಗಳನ್ನು ಮನುಷ್ಯರಿಗೆ ಬಳಸಿದರೆ ಜಗಳವಾಗುತ್ತದೆ. ಒಬ್ಬನದೇ ಮುಖವು ಬೆಳಿಗ್ಗೆ ಮೊಗವಾಗಿದ್ದು ಸಂಜೆಗೆ ಮೂತಿಯಾಗಬಹುದು. ಬದಲಾದುದು ಆ ಮುಖವಲ್ಲ, ನೋಡುವವನ ಮನಸ್ಸು. ಈ ಮೆಟ್ಟಿಲು ಮುಖದ ಒಡೆಯನ ಗುಣವನ್ನು ಹೇಳುವುದಕ್ಕಿಂತ ಮಾತನಾಡುವವನ ಗುಣವನ್ನೇ ಹೆಚ್ಚಾಗಿ ಹೇಳುತ್ತದೆ. ಆಂಗ್ಲದ ಗ್ರಾಮ್ಯ ಭಾಷೆಯಲ್ಲಿಯೂ 'ಮಗ್' ಮೊದಲಾದ ಇಂಥ ಮಾತುಗಳಿಲ್ಲದಿಲ್ಲ; ಆದರೆ ಅವು ಚರಿತ್ರಗ್ರಂಥಗಳಿಗೆ ಪ್ರವೇಶ ಪಡೆಯಲಿಲ್ಲ.

ಕನ್ನಡದ ನುಡಿಗಟ್ಟುಗಳೂ ಇದನ್ನೇ ಪುಷ್ಟೀಕರಿಸುತ್ತವೆ. ಮುಖ ಕೊಟ್ಟು ಮಾತನಾಡುವುದು, ಮುಖ ತಿರುಗಿಸುವುದು, ಮುಖ ಸಿಂಡರಿಸುವುದು, ಮುಖಸ್ತುತಿ, ಮುಖಭಂಗ, ಯಾವ ಮುಖ ಇಟ್ಟುಕೊಂಡು ಹೋಗಲಿ ಎಂಬ ಅಳಲು, ಇವೆಲ್ಲವೂ ಇಬ್ಬರ ನಡುವಣ ವ್ಯವಹಾರಗಳು. ಒಬ್ಬನೇ ಇರುವವನಿಗೆ ಮುಖಭಂಗವಾಗದು. ಸುಟ್ಟ ಬದನೆಕಾಯಿಯಂಥ ಮುಖ, ಹರಳೆಣ್ಣೆ ಕುಡಿದ ಮುಖ, ಜೋಲುಮೋರೆ, ಗಂಟುಮೋರೆ ಎಂಬ ಹಾಸ್ಯದ ಮಾತುಗಳು ಆ ಹೊತ್ತಿನ ಸ್ಥಿತಿಯನ್ನು ಹೇಳುತ್ತವೆಯೇ ವಿನಾ ಹುಟ್ಟುಗುಣವನ್ನಲ್ಲ. 'ಮುಖ ನೋಡಿ ಮಣೆ ಹಾಕುವುದು' ಎಂಬ ಗಾದೆಯಂತೂ ಮುಖ ನೋಡಿ ನಿರ್ಣಯ ಮಾಡುವವನನ್ನೇ ಅಪರಾಧಿಯನ್ನಾಗಿ ಮಾಡುತ್ತದೆ. ಪಂಕ್ತಿಭೇದಕ್ಕೆ ಅದಕ್ಕಿಂತ ಒಳ್ಳೆಯ ವ್ಯಾಖ್ಯೆಯಿಲ್ಲ.

ಆದರೂ ಕನ್ನಡವು ನಿರ್ದೋಷಿಯೆಂದು ಹೊರಟುಬಿಡುವಂತಿಲ್ಲ. 'ಲಕ್ಷಣ' ಎಂಬ ಒಂದು ಪದವಿದೆ. ಲಕ್ಷಣವಾದ ಮುಖವೆಂದರೆ ಚೆಲುವಾದ ಮುಖ. ಲಕ್ಷಣವಾಗಿ ಕುಳಿತುಕೋ ಎಂದು ಮಕ್ಕಳಿಗೆ ಹೇಳಿದರೆ ಒಳ್ಳೆಯ ನಡತೆಯಿಂದಿರು ಎಂದು. ಅವಲಕ್ಷಣವೆಂದರೆ ಕುರೂಪವೂ ಹೌದು, ಕೆಟ್ಟ ನಡತೆಯೂ ಹೌದು. 'ಕಳೆ' ಎಂಬ ಮಾತೂ ಇಂಥದೇ. ಮುಖದಲ್ಲಿ ರಾಜಕಳೆ ಇದೆ ಎನ್ನುವವನೂ ಪ್ರೇತಕಳೆ ಇದೆ ಎನ್ನುವವನೂ ವರಾಹಮಿಹಿರನ ಶಿಷ್ಯರೇ. ಹೆಣ್ಣು ನೋಡಲು ಹೋದವರು ಲಕ್ಷಣವಾಗಿದ್ದಾಳೆ ಎಂದು ಹೇಳಿ ಬಂದಾಗ ಅದರಲ್ಲಿ ರೂಪವೆಷ್ಟು, ಗುಣವೆಷ್ಟು ಎಂಬುದು ಹೇಳಿದವರಿಗೂ ತಿಳಿದಿರುವುದಿಲ್ಲ.

ಆಡಳಿತದ ಮೂಲಕ ನಮ್ಮ ಭಾಷೆಗೆ ಬಂದ ಇನ್ನೊಂದು ಮುಖವಾಚಕ ಪದವು ಚರಿತ್ರೆಯ ದೃಷ್ಟಿಯಿಂದ ವಿಶೇಷ ಮಹತ್ವದ್ದು. ಅದು 'ಚಹರೆ'. ಪಾರಸಿಯಲ್ಲಿ 'ಚೆಹ್ರಾ' ಎಂದರೆ ಮುಖ. ಅಕ್ಬರನ ಆಳ್ವಿಕೆಯಲ್ಲಿ, 1570ರ ದಶಕದಲ್ಲಿ, ಮನ್ಸಬ್‌ದಾರರು ಬಾಡಿಗೆಯ ಆಳುಗಳನ್ನು ತೋರಿಸಿ ಸಂಬಳವನ್ನು ನುಂಗುವುದನ್ನು ತಡೆಯುವ ಸಲುವಾಗಿ ಕುದುರೆಗಳಿಗೆ 'ದಾಗ್' ಎಂಬ ಮುದ್ರೆಯನ್ನೂ ಸವಾರರಿಗೆ 'ಚೆಹ್ರಾ' ಎಂಬ ವಿವರಣೆಯ ದಾಖಲೆಯನ್ನೂ ಕಡ್ಡಾಯಗೊಳಿಸಲಾಯಿತು. ಹೀಗೆ ಮುಖವು ಕಾಗದಕ್ಕೆ ಇಳಿಯಿತು. ದಖನ್ನಿನ ದಫ್ತರಗಳ ಮಾರ್ಗವಾಗಿ ಕನ್ನಡಕ್ಕೆ ಬಂದ ಈ ಪದವು ಮುಖವೆಂಬ ಅರ್ಥವನ್ನು ಬಹುಮಟ್ಟಿಗೆ ಬಿಟ್ಟು 'ಗುರುತಿನ ವಿವರ' ಎಂಬ ಅರ್ಥದಲ್ಲಿ ನೆಲೆನಿಂತಿತು. ಇಂದಿಗೂ ಕಾಣೆಯಾದವರನ್ನು ಕುರಿತು ಪೊಲೀಸರು ಪತ್ರಿಕೆಗಳಲ್ಲಿ ಪ್ರಕಟಿಸುವ ಪ್ರಕಟಣೆಗಳಲ್ಲಿ ಚಹರೆಯ ಭಾಗವನ್ನು ಓದಿ ನೋಡಬಹುದು: ಕೋಲು ಮುಖ, ದುಂಡು ಮುಖ, ಎಣ್ಣೆಗೆಂಪು ಮೈಬಣ್ಣ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು. ಅಲ್ಲಿ ಒಂದಾದರೂ ಗುಣವಾಚಕವಿಲ್ಲ. ಕೋಲು ಮುಖದವನು ಬಡವನೋ ಧೂರ್ತನೋ ಎಂದು ಆ ಪ್ರಕಟಣೆ ಹೇಳುವುದಿಲ್ಲ. ಅವನು ಮನೆಗೆ ಮರಳಿದರೆ ಸಾಕೆಂಬುದೇ ಅದರ ಉದ್ದೇಶ. ಮುಖವನ್ನು ವರ್ಣಿಸುವ ಕನ್ನಡದ ಗದ್ಯಗಳಲ್ಲಿ ಇಷ್ಟು ನಿಷ್ಪಕ್ಷಪಾತವಾದುದು ಮತ್ತೊಂದಿಲ್ಲವೆಂದು ನನ್ನ ಅಭಿಪ್ರಾಯ.

ಆಂಗ್ಲ ಅಧಿಕಾರಿಗಳು ಈ ನಾಡಿಗೆ ಬಂದಾಗ ಎರಡು ಬಗೆಯ ಮಾತುಗಳೂ ಅವರ ಜೊತೆಯಲ್ಲಿ ಬಂದವು. 1799ರ ಮೇ 4ರ ಇರುಳು ಶ್ರೀರಂಗಪಟ್ಟಣದ ಕೋಟೆಯ ಬಾಗಿಲಲ್ಲಿ ದೀವಟಿಗೆಯ ಬೆಳಕಿನಲ್ಲಿ ಟಿಪ್ಪು ಸುಲ್ತಾನನ ಶವವನ್ನು ಹುಡುಕಿ ತೆಗೆದವರಲ್ಲಿ ಮೇಜರ್ ಅಲನ್ ಒಬ್ಬನು. ಅವನು ಬರೆದಿಟ್ಟ ವೃತ್ತಾಂತದಲ್ಲಿ ಮೃತನ ಕಣ್ಣು ತೆರೆದಿದ್ದುದನ್ನೂ ಮೈ ಇನ್ನೂ ಬಿಸಿಯಾಗಿದ್ದುದನ್ನೂ ಹೇಳಿ, ಅವನ 'ಕೌಂಟೆನೆನ್ಸ್'ನಲ್ಲಿ ಗಾಂಭೀರ್ಯ, ಅಥವಾ ಬಹುಶಃ ಕಾಠಿನ್ಯ, ಕಾಣುತ್ತಿತ್ತೆಂದೂ, ಅದರಿಂದ ಅವನು ಸಾಮಾನ್ಯ ಜನರಿಗಿಂತ ಬೇರೆಯಾಗಿ ತೋರುತ್ತಿದ್ದನೆಂದೂ ಬರೆದಿದ್ದಾನೆ. ಈ 'ಅಥವಾ ಬಹುಶಃ' ಎಂಬ ಎರಡು ಮಾತುಗಳ ಬೆಲೆ ದೊಡ್ಡದು. ವೈರಿಯ ಶವದ ಎದುರು ನಿಂತ ಸೈನಿಕನು ತಾನು ಕಂಡುದು ಒಂದು ಗುಣವೋ ಇನ್ನೊಂದು ಗುಣವೋ ಎಂದು ನಿಶ್ಚಯಿಸಲಾರದೆ ಹೋದನು. ನಿಶ್ಚಯಿಸುವುದಕ್ಕೆ ಅಲ್ಲಿ ಆಧಾರವೂ ಇರಲಿಲ್ಲ. ಸತ್ತವನ ಮುಖದಲ್ಲಿ ಭಾವವಿಲ್ಲ, ಇರುವುದು ನೋಡುವವನ ನೆನಪು ಮಾತ್ರ. ಈ ವಾಕ್ಯವನ್ನು ಅನುವಾದಿಸುವವನು ಸುಲ್ತಾನನ ಅಭಿಮಾನಿಯಾದರೆ ಗಾಂಭೀರ್ಯವನ್ನು ಉಳಿಸಿಕೊಳ್ಳಬಹುದು, ವಿರೋಧಿಯಾದರೆ ಕಾಠಿನ್ಯವನ್ನು ಉಳಿಸಿಕೊಳ್ಳಬಹುದು. ಇಬ್ಬರೂ ಕೈಬಿಡುವುದು ಅಲನ್ನನ ಸಂದೇಹವನ್ನು. ಆ ಸಂದೇಹವೇ ಆ ಸಾಕ್ಷ್ಯದಲ್ಲಿ ನಂಬತಕ್ಕ ಅಂಶವಾಗಿದೆ.

ಮುಂದಿನ ಶತಮಾನದಲ್ಲಿ ಸಂದೇಹ ಕಡಮೆಯಾಗಿ ಅಳತೆ ಹೆಚ್ಚಿತು. 1891ರಲ್ಲಿ ಬಂಗಾಳದ ಜಾತಿಗಳನ್ನು ಕುರಿತು ಗ್ರಂಥ ಪ್ರಕಟಿಸಿದ ರಿಸ್ಲೆಯು ಮೂಗಿನ ಅಗಲವನ್ನು ಅದರ ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿ ಬಂದ ಸಂಖ್ಯೆಯನ್ನು ನಾಸಿಕಾಂಕವೆಂದು ಕರೆದು, ಮೂಗು ಅಗಲವಾದಷ್ಟೂ ಜಾತಿಯ ಸಾಮಾಜಿಕ ಸ್ಥಾನ ಕೆಳಗೆಂಬ ನಿಯಮವನ್ನು ಮುಂದಿಟ್ಟನು. 70ಕ್ಕಿಂತ ಕಡಮೆಯಾದರೆ ನೀಳ ಮೂಗು, 85ಕ್ಕಿಂತ ಹೆಚ್ಚಾದರೆ ಅಗಲ ಮೂಗು. ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದ ಮುಖ್ಯಸ್ಥನಾಗಿದ್ದ ಥರ್ಸ್ಟನ್ನನು ದಕ್ಷಿಣದಲ್ಲಿ ಇದೇ ಕೆಲಸವನ್ನು ಕೈಗೊಂಡು, ಅಳತೆಯ ವಿದ್ಯೆಯನ್ನು ಪೊಲೀಸ್ ಅಧಿಕಾರಿಗಳಿಗೂ ಬೋಧಿಸಿದನು. ಅವನ ಏಳು ಸಂಪುಟಗಳು 1909ರಲ್ಲಿ ಹೊರಬಂದವು. ಆ ವೇಳೆಗೆ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಜಾರಿಯಲ್ಲಿದ್ದು ಹುಟ್ಟಿನಿಂದಲೇ ಅಪರಾಧಿಗಳೆಂದು ಕೆಲವು ಸಮುದಾಯಗಳಿಗೆ ಮುದ್ರೆ ಬಿದ್ದಿತ್ತು. ಆ ಮುದ್ರೆ ಕಾನೂನಿನಲ್ಲಿ ಅಳಿದುದು 1952ರಲ್ಲಿ.

ಮೈಸೂರು ಸಂಸ್ಥಾನವೂ ಈ ಅಲೆಯಿಂದ ಹೊರಗುಳಿಯಲಿಲ್ಲ. ಇಲ್ಲಿಯ ಜನಾಂಗ ಪರಿಶೀಲನೆಯನ್ನು ಆರಂಭಿಸಿದವರು ಎಚ್. ವಿ. ನಂಜುಂಡಯ್ಯನವರು. ಅವರು 1915ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರು, 1916ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳು. 1920ರಲ್ಲಿ ಅವರು ದಿವಂಗತರಾದ ಮೇಲೆ ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರು ಕಾರ್ಯವನ್ನು ಪೂರೈಸಿ, 1928ರಿಂದ 1935ರ ವರೆಗೆ ವಿಶ್ವವಿದ್ಯಾನಿಲಯವೇ ಆ ಸಂಪುಟಗಳನ್ನು ಪ್ರಕಟಿಸಿತು. ಆಚಾರ, ವಿವಾಹ, ಕಸುಬು, ದೈವಗಳನ್ನು ಕುರಿತ ಅದರ ಮಾಹಿತಿಗೆ ಇಂದಿಗೂ ಬೆಲೆಯಿದೆ. ಆದರೆ ತಲೆ ಮೂಗುಗಳ ಅಳತೆಗಳಿಂದ ಮನುಷ್ಯರನ್ನು ವರ್ಗೀಕರಿಸುವ ಆ ಕಾಲದ ವಿಜ್ಞಾನದ ನೆರಳು ಅದರ ಮೇಲೂ ಬಿದ್ದಿದೆ. ರಿಸ್ಲೆಯ ಅಂಕಿಗಳನ್ನೇ ಮರುಪರೀಕ್ಷಿಸಿದ ಜಿ. ಎಸ್. ಘುರ್ಯೆಯವರು ಅವನ ನಿಯಮ ಉತ್ತರದ ಹಿಂದೂಸ್ತಾನದ ಹೊರಗೆ ನಿಲ್ಲದೆಂದು 1932ರಲ್ಲಿ ತೋರಿಸಿಕೊಟ್ಟರು. ಕಾಲೇಜುಗಳ ಪಠ್ಯಗಳಲ್ಲಿ ಘುರ್ಯೆಯವರ ಈ ಖಂಡನೆಗೆ ರಿಸ್ಲೆಯ ಕೋಷ್ಟಕಗಳಿಗೆ ಸಿಕ್ಕಷ್ಟು ಜಾಗ ಬಹುಕಾಲ ಸಿಗಲಿಲ್ಲ.

ಕಲೆಯ ವಿಮರ್ಶೆಯಲ್ಲಿಯೂ ಇದೇ ಕಣ್ಣು ಕೆಲಸ ಮಾಡಿತು. 1876ರ ತನ್ನ ಗ್ರಂಥದಲ್ಲಿ ಫರ್ಗ್ಯುಸನ್ನನು ಹಳೇಬೀಡಿನ ದೇವಾಲಯವನ್ನು ಅಥೆನ್ಸಿನ ಪಾರ್ಥೆನಾನ್ ಜೊತೆಯಲ್ಲಿ ಹೋಲಿಸಿದುದು ಸುಪ್ರಸಿದ್ಧ. ಕಟ್ಟಡದ ವಿಷಯದಲ್ಲಿ ಇಷ್ಟು ಉದಾರನಾದವನು ಸಿಕ್ಕಿದ. ಮುಖದ ವಿಷಯದಲ್ಲಿ ಅಷ್ಟು ಉದಾರರು ಸಿಕ್ಕಲಿಲ್ಲ. 1910ರಲ್ಲಿ ಲಂಡನ್ನಿನ ಒಂದು ಸಭೆಯಲ್ಲಿ ಸರ್ ಜಾರ್ಜ್ ಬರ್ಡ್‌ವುಡ್ ಜಾವಾದ ಒಂದು ಬುದ್ಧವಿಗ್ರಹವನ್ನು ಕುರಿತು, ಆತ್ಮಶಾಂತಿಯ ಸಂಕೇತವಾಗಲು ಬೇಯಿಸಿದ ಕೊಬ್ಬಿನ ಕಡುಬೂ ಸಾಕಾದೀತೆಂಬ ಅರ್ಥದ ಮಾತನಾಡಿದನು. ಅದಕ್ಕೆ ಪ್ರತಿಯಾಗಿ ಹ್ಯಾವೆಲ್ ಮೊದಲಾದವರು ಸೇರಿ ಆ ವರ್ಷವೇ ಇಂಡಿಯಾ ಸೊಸೈಟಿಯನ್ನು ಸ್ಥಾಪಿಸಿದರು. ಬರ್ಡ್‌ವುಡ್ ಅಜ್ಞಾನಿಯಲ್ಲ, ಭಾರತದ ಕರಕುಶಲ ಕಲೆಗಳ ದೊಡ್ಡ ಪಂಡಿತ. ಮುಖದಲ್ಲಿ 'ಕ್ಯಾರೆಕ್ಟರ್' ಕಾಣಬೇಕೆಂದು ಕಲಿತ ಕಣ್ಣಿಗೆ ಅದು ಕಾಣದಿದ್ದಾಗ ಏನೂ ಇಲ್ಲವೆಂದೇ ಅವನಿಗೆ ತೋರಿತು.

ಬರ್ಡ್‌ವುಡ್ಡನನ್ನು ಬೈಯುವ ನಾವೇ ಈಗ ಬೇಲೂರಿನಲ್ಲಿ ಅವನ ಪಾಠವನ್ನು ತಿರುವುಮುರುವಾಗಿ ಒಪ್ಪಿಕೊಂಡಿದ್ದೇವೆ. ಕನ್ನಡಿ ಹಿಡಿದ ಮದನಿಕೆಗೆ ದರ್ಪಣಸುಂದರಿ ಎಂದು ಹೆಸರು ಬಂದಿದೆ. ಅದು ಶಾಂತಲಾದೇವಿಯ ಪ್ರತಿರೂಪವೇ ಎಂಬ ಪ್ರತೀತಿಯೂ ಬೆಳೆದಿದೆ. ಆ ಮುಖದಲ್ಲಿ ರಾಣಿಯ ಗಾಂಭೀರ್ಯ, ಕಲಾವಿದೆಯ ರಸಿಕತೆ, ಮಕ್ಕಳಿಲ್ಲದ ಕೊರಗು ಇತ್ಯಾದಿ ಗುಣಗಳನ್ನು ಕಂಡು ವರ್ಣಿಸುವುದನ್ನು ಕೇಳುತ್ತೇವೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಪ್ರವಾಸಿಗರು ಹೆಚ್ಚಿ ಈ ಕಥೆಯ ಪ್ರಚಾರವೂ ಹೆಚ್ಚುವುದು ಸಹಜ. ಶಾಂತಲಾದೇವಿಯ ವಿಷಯದಲ್ಲಿ ನಮಗೆ ಆಧಾರಗಳ ಕೊರತೆಯೇನಿಲ್ಲ. ಬೇಲೂರಿನ ಪ್ರಾಕಾರದಲ್ಲಿಯೇ ಚೆನ್ನಿಗರಾಯ ದೇವಾಲಯವನ್ನು ಅವಳು ಕಟ್ಟಿಸಿದಳು. 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. 1131ರಲ್ಲಿ ಶಿವಗಂಗೆಯಲ್ಲಿ ದೇಹವಿಟ್ಟಳು. ತನ್ನ ಬಿರುದನ್ನೇ ಬಸದಿಗೆ ಹೆಸರಾಗಿ ಇಟ್ಟ ಹೆಂಗಸಿನ ಸ್ವಭಾವವನ್ನು ತಿಳಿಯಲು ಆ ಬಿರುದು ಸಾಲದೆ? ಸವತಿಯರೆಂಬ ಆನೆಗಳಿಗೆ ಮದಗಜದಂತಿರುವವಳೆಂಬ ಬಿರುದಿನಲ್ಲಿ ಇರುವ ಕೆಚ್ಚು, ಅಭಿಮಾನ, ಅಂತಃಪುರದ ಪೈಪೋಟಿ ಯಾವ ಕಲ್ಲಿನ ಮುಖದಲ್ಲಿಯೂ ಕಾಣದು. ಶಾಸನಕವಿಗಳು ರಾಣಿಯರ ಮುಖವನ್ನು ಚಂದ್ರನಿಗೆ ಹೋಲಿಸಿ ಮುಗಿಸುತ್ತಾರೆ. ಎಲ್ಲ ರಾಣಿಯರಿಗೂ ಒಂದೇ ಚಂದ್ರ. ಗುಣದ ಮಾತು ಬಂದಾಗ ಮಾತ್ರ ಅವರು ದಾನ, ಬಿರುದು, ಬಸದಿ, ಕೆರೆಗಳನ್ನು ಹೆಸರಿಸುತ್ತಾರೆ.

ಮದನಿಕೆಯರ ಪೀಠಗಳ ಮೇಲೆ ಬರೆಹಗಳಿಲ್ಲದಿಲ್ಲ. ಮೈಸೂರಿನ ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1919ರಲ್ಲಿ ಕೇಶವ ದೇವಾಲಯವನ್ನು ಕುರಿತು ಪ್ರಕಟಿಸಿದ ಪುಸ್ತಕದಲ್ಲಿ ಅವನ್ನು ಓದಿ ವಿವರಿಸಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಗದಗಿನ ನಾಗೋಜ, ಪದರಿ ಮಲ್ಲೋಜ, ಚಿಕ್ಕಹಂಪ ಎಂದು ರೂವಾರಿಗಳ ಹೆಸರುಗಳಿವೆ. ಕೆಲವರು ತಮ್ಮ ಊರನ್ನೂ ತಂದೆಯ ಹೆಸರನ್ನೂ, ಪ್ರತಿಸ್ಪರ್ಧಿಗಳನ್ನು ಹಳಿಯುವ ಭಾರಿ ಬಿರುದುಗಳನ್ನೂ ಸೇರಿಸಿದ್ದಾರೆ. ಮೇಲೆ ನಿಂತಿರುವ ಹೆಂಗಸು ಯಾರೆಂಬುದನ್ನು ಅವರಲ್ಲಿ ಯಾರೂ ಕೆತ್ತಲಿಲ್ಲ.